ಸ್ವಿಚ್ಚಿನ ಮೇಲೆ ಉಳಿದ ಬೀಗ

“ಈ ಮನುಷ್ಯ ಇವತ್ತೂ ಬೀಗ ಮರೆತು ಮನೆಗೆ ಹೋದ್ರಾ?”

ಕೇಳಿದ್ದು ಯಾರನ್ನೂ ಅಲ್ಲ. ಸಾಬೂನು ಕಾರ್ಖಾನೆಯ ದೊಡ್ಡ ಹಂಡೆಯ ಸ್ವಿಚ್ಚಿನ ಮುಂದೆ ನಿಂತು, ಅಲ್ಲಿ ನೇತಾಡುತ್ತಿದ್ದ ಒಂಟಿ ಬೀಗ ನೋಡುತ್ತ ಮೇಲ್ವಿಚಾರಕಿ ತನ್ನಷ್ಟಕ್ಕೆ ಆಡಿಕೊಂಡ ಮಾತು. ಬೀಗಕ್ಕೆ ನೀಲಿ ದಾರ ಸುತ್ತಿತ್ತು. ಅದು ಅವಳ ಭಾವನದು, ಅಕ್ಕನ ಗಂಡನದು.

ಆ ಹಂಡೆಯೊಳಗೆ ಆಳೆತ್ತರದ ಕಬ್ಬಿಣದ ರೆಕ್ಕೆಗಳು ತಿರುಗಿ ಸಾಬೂನು ಕಲಸುತ್ತವೆ. ವಾರಕ್ಕೊಮ್ಮೆ ಒಳಗಿಳಿದು ಗೋಡೆಗೆ ಅಂಟಿದ್ದನ್ನು ಕೆರೆಯಬೇಕು. ಇಳಿಯುವ ಪ್ರತಿಯೊಬ್ಬರೂ ಸ್ವಿಚ್ಚಿಗೆ ತಮ್ಮದೇ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸುತ್ತಾರೆ. ಒಂದು ಬೀಗ ಉಳಿದರೂ ಯಂತ್ರ ಅಲುಗದು.

“ಇನ್ನೂ ಏನಮ್ಮಾ ನೋಡ್ತಿದೀಯ?” ಮ್ಯಾನೇಜರು ದಾಪುಗಾಲು ಹಾಕುತ್ತ ಬಂದರು. “ಪುಸ್ತಕದಲ್ಲಿ ನೀನೇ ಬರೆದಿದೀಯ. ಇಳಿದೋರು ಮೂರು, ಹತ್ತಿದೋರು ಮೂರು. ಹೋದ ತಿಂಗಳೂ ಎರಡು ಸಲ ಕೀಲಿ ಜೇಬಲ್ಲಿಟ್ಕೊಂಡು ನಿಮ್ಮ ಭಾವ ಮನೆ ಸೇರಿದ್ರು. ಹೆಂಡ್ತಿ ಹೆಸರಾದ್ರೂ ನೆನಪಿದೆಯೋ ಇಲ್ವೋ, ದೇವರಿಗೇ ಗೊತ್ತು! ಕತ್ತರಿಸಿ ಎಸಿ ಅತ್ಲಾಗೆ.”

ಬೀಗ ಕತ್ತರಿಸುವ ಉದ್ದ ಹಿಡಿಯ ಕತ್ತರಿ ಅವರ ಕೈಯಲ್ಲೇ ಇತ್ತು. ಅವಳು ಇಸಿದುಕೊಂಡಳು. ಭಾವನ ಚೀಲವೂ ಗೋಡೆಯ ಮೊಳೆಯಲ್ಲಿ ಇರಲಿಲ್ಲ, ಮನೆಗೆ ಹೋಗಿರಲೇಬೇಕು. ಕತ್ತರಿಯ ಬಾಯಿಗೆ ಬೀಗವನ್ನು ಕೊಟ್ಟಳು. ಒತ್ತಲು ಮಾತ್ರ ಕೈ ಬರಲಿಲ್ಲ. ಮೂವರೂ ಹತ್ತಿ ಬಂದದ್ದನ್ನು ತನ್ನ ಕಣ್ಣು ಕಂಡಿದೆ. ಒಬ್ಬ ಇನ್ನೂ ಒಳಗಿದ್ದಾನೆ ಎಂದು ಬೀಗ ಹೇಳುತ್ತಿದೆ. ಎರಡರಲ್ಲಿ ಯಾವುದನ್ನು ನಂಬುವುದು?

“ಒಂದ್ಸಲ ಇಳಿದು ನೋಡ್ಬಿಡ್ತೀನಿ ಸರ್.”

“ಮೇಲಿಂದ ಟಾರ್ಚ್ ಬಿಟ್ಟಾಯ್ತು, ಗಂಟಲು ಹರಿಯೋ ಹಾಗೆ ಕೂಗಿದ್ದೂ ಆಯ್ತು!”

“ರೆಕ್ಕೆ ಹಿಂದೆ ಬೆಳಕು ಬೀಳಲ್ಲ. ನೀವು ಹಂಡೆ ಬಾಯಿ ಹತ್ರ ಕಾವಲು ನಿಂತ್ಕೊಳ್ಳಿ.”

ತನ್ನ ಬೀಗವನ್ನೂ ಜಡಿದು ಏಣಿಯಿಳಿದಳು. ಕೆಳಗಿನ ರೆಕ್ಕೆಯ ಹಿಂದೆ ಟಾರ್ಚ್ ಹಾಯಿಸಿದಾಗ ಕಂಡದ್ದು ಎರಡು ಅಂಗಾಲು. ಎದೆ ಧಸಕ್ಕೆಂದಿತು.

ಆಮೇಲೆ ಆ ಅಂಗಾಲು ಆಡಿತು. ಒಂದು, ಎರಡು, ಒಂದು, ಎರಡು. ತಾಳ ಹಿಡಿದು ಆಡಿತು. ಕಿವಿಗೊಟ್ಟರೆ ಮೆಲ್ಲಗೆ ಯಾವುದೋ ಹಳೆಯ ಪದ್ಯದ ಗುನುಗು. ಭಾವ ಬೋರಲು ಮಲಗಿ, ಎರಡೂ ಕಿವಿಗೆ ಬಿರಡೆ ತುರುಕಿಕೊಂಡು, ಪದ್ಯದ ಒಂದೊಂದು ಗಣಕ್ಕೆ ಒಂದೊಂದು ಸಲ ಸಂದಿಯನ್ನು ಕೆರೆಯುತ್ತಿದ್ದ.

ಹಿಮ್ಮಡಿ ಮುಟ್ಟಿದಳು. ಬೆಚ್ಚಿಬಿದ್ದವನ ತಲೆ ರೆಕ್ಕೆಗೆ ಠಣ್ ಎಂದಿತು.

“ಅಯ್ಯೋ! ಜೀವ ಹಾರಿಹೋಯ್ತಲ್ಲೇ ಪುಟ್ಟಿ!”

“ಹಾರೋದ್ರಲ್ಲೇ ಇತ್ತು ಭಾವ. ನಿಜವಾಗ್ಲೂ.”

ಚೀಲ ಹೆಗಲಿಗೇರಿಸಿ ಗೇಟಿನವರೆಗೂ ಹೋಗಿದ್ದನಂತೆ. ಗೇಣಗಲ ಜಾಗ ಕೆರೆಯದೆ ಬಿಟ್ಟದ್ದು ನೆನಪಾಯಿತಂತೆ. ನಾಳೆ ಯಾರಾದರೂ ನೋಡಿ ನಕ್ಕರೆ? ವಾಪಸ್ ಬಂದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮತ್ತೆ ಬೀಗ ಹಾಕಿ, ಚೀಲದ ಸಮೇತ ಇಳಿದುಬಿಟ್ಟ.

ಒಳಗಿನಿಂದ ಎರಡು ದನಿ ಕೇಳಿದ್ದೇ ತಡ, ಮೇಲಿದ್ದ ಮ್ಯಾನೇಜರು ಕುಸಿದು ಕೂತರು. ಇಬ್ಬರೂ ಹತ್ತಿ ಬಂದಾಗ ಅವರು ಭಾವನ ಭುಜ, ತೋಳು, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. “ಬೈಯೋಣ ಅಂದ್ರೆ ಬಾಯೇ ಬರ್ತಿಲ್ಲ ಕಣಯ್ಯ,” ಎಂದು ಕಣ್ಣೊರೆಸಿಕೊಂಡು ನಕ್ಕರು. ಅವಳಿಗೂ ನಗು ಬಂತು. ಅಕ್ಕನ ಮುಂದೆ ಹೋಗಿ ನಿಂತು ಹೇಳಬೇಕಾಗಿದ್ದ ಮಾತೊಂದು ಹೇಳದೆಯೇ ಕರಗಿಹೋಗಿತ್ತು.

ನೀರು ಕುಡಿದು ಅವಳು ಪುಸ್ತಕ ತೆರೆದಳು. ಮೂವರು ಹತ್ತಿದ ಮೇಲೆ ಹಂಡೆಯ ಬಾಯಿ ಮುಚ್ಚಿಸದೆ ಹೋದದ್ದು ತನ್ನ ತಪ್ಪು. ಮೊದಲು ಅದನ್ನು ಬರೆದಳು. ಭಾವ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

“ಪುಟ್ಟಿ, ಬೀಗ ಮರೆತು ಹೋಗಿದ್ದ ಅಂತ ಬರಿ. ಹೇಳದೆ ಕೇಳದೆ ಇಳಿದಿದ್ದ ಅಂತ ಬೇಡ. ಇಪ್ಪತ್ತು ವರ್ಷದ ಹೆಸರು ಕಣೇ. ನಿಮ್ಮ ಅಕ್ಕನ ಮುಖ ನೋಡಿಯಾದ್ರೂ...”

“ಆಗಲ್ಲ ಭಾವ. ಮರೆತ ಬೀಗ ಅಂತ ಬರೆದ್ರೆ, ಮುಂದಿನ ಸಲ ಒಳಗೆ ಇಳಿದು ನೋಡದೇನೇ ಕತ್ತರಿಸಿಬಿಡ್ತಾರೆ.”