ಗಾರೆ ಬಿಗಿಯುವವರೆಗೆ

ನಾನು ಒಂದು ಹಾಡು. ಹುಟ್ಟಿದ್ದು ಚಿತ್ರದುರ್ಗದ ಕಡೆಯ ಯಾವುದೋ ಮನೆಯ ಮಾಳಿಗೆಯ ಮೇಲೆ, ಸುಡುವ ಬಿಸಿಲಿನಲ್ಲಿ. ಆ ಕಾಲದಲ್ಲಿ ಮಾಳಿಗೆಗೆ ಸುಣ್ಣದ ಗಾರೆ ಹಾಕಿ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬಡಿಯುತ್ತಿದ್ದರು. ಎಲ್ಲರ ಕೈ ಒಟ್ಟಿಗೆ ಬೀಳಲಿ ಎಂದು ನನ್ನನ್ನು ಕಟ್ಟಿದರು. ಕಟ್ಟಿದವರ ಹೆಸರು ನನಗೂ ಗೊತ್ತಿಲ್ಲ.

ನನಗೆ ಉದ್ದ ಇಷ್ಟೇ ಎಂದಿರಲಿಲ್ಲ. ಗಾರೆ ಮೆತ್ತಗಿರುವಷ್ಟು ಹೊತ್ತು ನಡೆಯಬೇಕು. ಡಬ್ ಡಬ್ ಎನ್ನುತ್ತಿದ್ದ ಕೊಡತಿ ಕಡೆಗೊಮ್ಮೆ ಠಣ್ ಎಂದರೆ ಮಾಳಿಗೆ ಬಿಗಿಯಿತು ಎಂದು ಅರ್ಥ. ಆಗ ಮಾತ್ರ ನನ್ನ ಕೊನೆಯ ನುಡಿ, ಮನೆಯವರನ್ನು ಹರಸುವ ನುಡಿ, ಹಾಡುವುದು. ಹಸಿ ಗಾರೆಯ ಮೇಲೆ ಅದನ್ನು ಬಾಯಿಗೆ ತಂದರೆ ಮಾಳಿಗೆ ಸೋರುತ್ತದೆ ಎನ್ನುತ್ತಿದ್ದರು. ಹಾಡಿ ಮುಗಿಸಿ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ನಾನೂ ಮಲಗುತ್ತಿದ್ದೆ.

ಆಮೇಲೆ ಸಿಮೆಂಟು ಬಂತು. ಹಾಡುವ ಬಾಯಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಮುದುಕಿ ಓಬಕ್ಕನ ಬಾಯಿ. ಅದರಲ್ಲಿ ಹಲ್ಲೂ ಇರಲಿಲ್ಲ.

ಓಬಕ್ಕ ಅವರೆಕಾಯಿ ಸುಲಿಯುತ್ತ ನನ್ನನ್ನು ಗುನುಗುತ್ತಿದ್ದಾಗ, ಹಳೆಯ ಹಾಡು ಹುಡುಕಿಕೊಂಡು ಬಂದಿದ್ದ ಗಾಯಕಿ ಸುಪ್ರಭಾ ಕೇಳಿಸಿಕೊಂಡಳು. ಹಲವು ದೇಶಗಳು ಸೇರುವ ಹಾಡಿನ ಸ್ಪರ್ಧೆಗೆ ನಮ್ಮ ದೇಶದಿಂದ ಒಂದು ಹಾಡು ಹೋಗಬೇಕಿತ್ತು. ಅವಳು ನನ್ನನ್ನು ಕಳಿಸಿದಳು. ಆರಿಸಿಯೂ ಬಿಟ್ಟರು. ನನಗೆ ಪಿಟೀಲು ತೊಡಿಸಿದರು, ಮೂರು ನಿಮಿಷಕ್ಕೆ ಕತ್ತರಿಸಿದರು. ಮೀರಿದರೆ ಸ್ಪರ್ಧೆಯಿಂದ ಹೊರಗೆ. ಸುಪ್ರಭಾ ಹಾಡುವುದು, ಓಬಕ್ಕ ಕೊಡತಿ ಬಡಿಯುವುದು ಎಂದಾಯಿತು.

ವಿಮಾನದ ಮಾಳಿಗೆ ಬಡಿಯೋಕೆ ಹೊಂಟ್ಯಾ ಎಂದು ಕೇರಿಯವರು ಕಿಚಾಯಿಸಿದರು. ಸೋರಿದ್ರೆ ಬಡೀಬೇಕಪ್ಪ ಎಂದಳು ಓಬಕ್ಕ.

ಸುಪ್ರಭಾ ಕೊನೆಯ ನುಡಿಗಾಗಿ ಕಾಡಿದಳು. ಗಾರೆ ಬಿಗಿದಾಗ ಅದೇ ಬರುತ್ತೆ ಎಂದು ಓಬಕ್ಕ ಬಾಯಿ ಬಿಗಿಹಿಡಿದಳು. ಅವಳು ಕಣ್ಣು ಮುಚ್ಚಿದರೆ ಆ ನುಡಿಯೂ ಅವಳ ಜೊತೆಗೇ ಮಣ್ಣು. ಸುಪ್ರಭಾಳ ಭಯ ಅದೇ ಆಗಿತ್ತು, ನನ್ನದೂ ಅದೇ.

ಅಭ್ಯಾಸ ಮಾಡುವಾಗ ಮೂರು ನಿಮಿಷಕ್ಕೆ ಸುಪ್ರಭಾ ಭುಜ ಮುಟ್ಟಿದ ಕೂಡಲೇ ಓಬಕ್ಕ ಕೈ ನಿಲ್ಲಿಸುತ್ತಿದ್ದಳು. ಹಾಗಾಗಿ ಎಲ್ಲರೂ ನಿಶ್ಚಿಂತೆಯಿಂದ ಸ್ಪರ್ಧೆ ನಡೆಯುವ ಚಳಿಯ ಊರಿಗೆ ಹೋದರು.

ದೊಡ್ಡ ವೇದಿಕೆ, ಮರದ ಹಲಗೆ, ಕೆಳಗೆಲ್ಲ ಟೊಳ್ಳು. ಕೊಡತಿ ಬಿದ್ದರೆ ಡಬ್. ಮತ್ತೆ ಡಬ್. ಹೊತ್ತು ಮುಗಿಯುತ್ತ ಬಂತು. ಸುಪ್ರಭಾ ಭುಜ ಮುಟ್ಟಿದಳು. ಓಬಕ್ಕ ಕೊಡವಿಕೊಂಡಳು.

"ಇನ್ನೂ ಹಸಿ ಐತೆ ಕಣವ್ವ. ಹಿಂಗೇ ಬಿಟ್ಟು ಎದ್ರೆ ಸೋರ್ತೈತೆ."

ಕೆಂಪು ದೀಪ ಹತ್ತಿತು. ಪಿಟೀಲಿನವರು ನಿಲ್ಲಿಸಿದರು. ಮುದುಕಿಯನ್ನು ಒಂಟಿಯಾಗಿ ಬಿಡಲಾರದೆ ಸುಪ್ರಭಾ ಪಕ್ಕದಲ್ಲಿ ಕೂತು ಹಾಡುತ್ತಲೇ ಇದ್ದಳು. ಹಲಗೆ ಎಲ್ಲಾದರೂ ಬಿಗಿಯುವುದುಂಟೇ? ನಾನು ಬಳಲಿದೆ. ಕಡೆಗೆ ಯಾರೋ ಬಂದು ಇಬ್ಬರನ್ನೂ ಎಬ್ಬಿಸಿದರು. ದೇಶ ಸ್ಪರ್ಧೆಯಿಂದ ಹೊರಬಿತ್ತು.

ವಾಪಸು ಬರುವಾಗ, ಅಭ್ಯಾಸದಲ್ಲಿ ನಿಲ್ಲಿಸುತ್ತಿದ್ದೆಯಲ್ಲ ಅಜ್ಜಿ ಎಂದು ಸುಪ್ರಭಾ ಮೆಲ್ಲಗೆ ಕೇಳಿದಳು.

"ಅದು ಆಟ ಅಂದ್ಕೊಂಡಿದ್ದೆ ತಾಯಿ. ಇದು ದೇಶದ ಕೆಲಸ ಅಂದ್ರಲ್ಲ ನೀವು."

ಊರೆಲ್ಲ ನಕ್ಕಿತು. ನಗು ತಣ್ಣಗಾದ ಮೇಲೆ ಸುಪ್ರಭಾ ಒಬ್ಬಳೇ ಸುಣ್ಣ ತೆಗೆದುಕೊಂಡು ಬಂದಳು. ಓಬಕ್ಕನ ಅಡಿಗೆಮನೆಯ ಮಾಳಿಗೆ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಇಬ್ಬರೂ ಗಾರೆ ಕಲೆಸಿ, ಬೆಲ್ಲದ ನೀರು ಚಿಮುಕಿಸಿ ಬಡಿದರು. ದಿನಗಳು ಹೋದವು. ಸುಪ್ರಭಾಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಒಂದು ಮಧ್ಯಾಹ್ನ ಕೊಡತಿ ಠಣ್ ಎಂದಿತು. ಓಬಕ್ಕ ಕೊನೆಯ ನುಡಿ ಹಾಡಿದಳು. ಸುಪ್ರಭಾ ಹಿಂದೆಯೇ ಹೇಳಿಕೊಂಡಳು. ಅದು ಏನೆಂದು ನಿಮಗೆ ಹೇಳಲಾರೆ, ಇಲ್ಲಿ ಗಾರೆಯಿಲ್ಲ.

ಓಬಕ್ಕ ಈಗ ಇಲ್ಲ. ಸುಪ್ರಭಾ ನನ್ನನ್ನು ಊರೂರಲ್ಲಿ ಹಾಡುತ್ತಾಳೆ, ಕೊನೆಯ ನುಡಿ ಬಿಟ್ಟು. ಜನ ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ. ನಾನು ಮುಗಿದಿರುವುದಿಲ್ಲ. ಅರ್ಧಕ್ಕೇ ನಿಂತು ನಿಂತು ಬಹಳ ದಣಿದಿದ್ದೇನೆ. ಆದರೆ ಮಳೆ ಬಂದಾಗ ಆ ಅಡಿಗೆಮನೆಯ ಮೂಲೆ ಸೋರುವುದಿಲ್ಲ. ಅಷ್ಟಗಲ ಜಾಗದಲ್ಲಿ ನಾನು ಮುಗಿದಿದ್ದೇನೆ. ಅಲ್ಲಿಗೆ ಬಂದು ಮಲಗುತ್ತೇನೆ.