ಮರಳಿನ ಮೂಟೆಗೆ ಕಾಲಿಲ್ಲ

ಅರಮನೆಯ ಕುದುರೆ ಲಾಯದಲ್ಲಿ ಸಾರೋಟಿನ ಮೆತ್ತೆ ಹೊಲಿಯುವ ಹೆಂಗಸನ್ನು ಎಲ್ಲರೂ ದಿಂಬಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ರಾಜಮನೆತನ ಕೂತಿರುವುದೇ ತನ್ನ ಹೊಲಿಗೆಯ ಮೇಲೆ ಎಂಬ ಜಂಬ ಅವಳಿಗಿತ್ತು, ಇರಬೇಕಾದದ್ದೇ. ಆ ಜಂಬಕ್ಕೇ ಈಗ ಕುತ್ತು ಬಂದಿತ್ತು. ಕಳೆದ ಮೂರು ಮೆರವಣಿಗೆಗಳಲ್ಲೂ ರಾಜಮಾತೆ ಸೊಂಟ ಹಿಡಿದುಕೊಂಡು, ಮುಖ ಹಿಂಡಿಕೊಂಡು ಇಳಿದಿದ್ದರು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ದೊಡ್ಡವರು ಹೇಳುವುದಿಲ್ಲ, ಸುತ್ತಲಿನವರು ಹೇಳುತ್ತಾರೆ. ಇನ್ನೊಂದು ಸಲ ಹೀಗಾದರೆ ಮೆತ್ತೆಯ ಕೆಲಸ ಕಾರ್ಖಾನೆಗೆ ಹೋಗುತ್ತದೆ ಎಂದು ಲಾಯದ ಯಜಮಾನರು ಖಡಾಖಂಡಿತವಾಗಿ ತಿಳಿಸಿಬಿಟ್ಟರು.

ದಿಂಬಮ್ಮ ಮೆತ್ತೆಯನ್ನು ಮೂರು ಸಲ ಬಿಚ್ಚಿದಳು. ಒಳಗಿನ ಕುದುರೆಕೂದಲನ್ನು ಬಿಡಿಸಿ, ಬಿಸಿಲಿಗೆ ಹರವಿ, ಮತ್ತೆ ತುಂಬಿದಳು. ಗಂಟಿಲ್ಲ, ತಗ್ಗಿಲ್ಲ. ಕೈಗೆ ಸಿಗದ ತಪ್ಪನ್ನು ಕೂತೇ ಹುಡುಕಬೇಕು. ಆದರೆ ಆ ಪೀಠದಲ್ಲಿ ರಾಜಮನೆತನದವರ ಹೊರತು ಯಾರೂ ಕೂರುವಂತಿಲ್ಲ. ಮೆರವಣಿಗೆಯ ತಾಲೀಮಿನಲ್ಲೂ ಅಷ್ಟೇ. ಕುದುರೆಗಳಿಗೆ ಭಾರ ರೂಢಿಯಾಗಲೆಂದು ರಾಜಮಾತೆಯ ತೂಕದಷ್ಟು ಮರಳಿನ ಮೂಟೆಗಳನ್ನಿಟ್ಟು, ಮೇಲೆ ಬಟ್ಟೆ ಹೊದಿಸಿ ಓಡಿಸುತ್ತಿದ್ದರು.

ಸಾರೋಟು ಓಡಿಸುವವನು ದಿಂಬಮ್ಮನ ತಮ್ಮ. ತಾಲೀಮಿನ ಬೆಳಿಗ್ಗೆ ಅಕ್ಕ ಮೂಟೆಗಳನ್ನು ಇಳಿಸಿ ತಾನೇ ಹತ್ತಿದ್ದು ಕಂಡು ಅವನು ಓಡಿಬಂದು ಅಡ್ಡ ನಿಂತ. ಸಿಕ್ಕಿಬಿದ್ದರೆ ತನ್ನ ಚಾವಟಿ ಕಿತ್ತುಕೊಳ್ಳುತ್ತಾರೆ ಎಂದು ಗೋಗರೆದ.

"ಮೂಟೆ ಯಾವತ್ತಾದ್ರೂ ದೂರು ಹೇಳುತ್ತೇನೋ? ನಾನು ಹೇಳ್ತೀನಿ. ನಡಿ," ಎಂದಳು.

ಅಕ್ಕನ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಬಟ್ಟೆ ಹೊದಿಸಿ ಹೊರಟ.

ಮೊದಲಿಗೆ ದಿಂಬಮ್ಮನಿಗೆ ಸುಖವೆನಿಸಿತು. ತನ್ನ ಮೆತ್ತೆ ಇಷ್ಟು ಹಿತವೆಂದು ಅವಳಿಗೇ ಗೊತ್ತಿರಲಿಲ್ಲ. ಕಲ್ಲುಹಾಸಿನ ಬೀದಿ ಬಂದ ಮೇಲೆ ಮೈ ಮುಂದಕ್ಕೆ ಜಾರತೊಡಗಿತು. ಊರಿಕೊಳ್ಳೋಣವೆಂದರೆ ಕಾಲು ಎಟುಕಲಿಲ್ಲ, ಗಾಳಿಯಲ್ಲಿ ತೂಗಾಡುತ್ತಿತ್ತು. ತೊಡೆ ಜೋಮು ಹಿಡಿಯಿತು, ಸೊಂಟ ಕಚ್ಚಿತು. ಮೂವತ್ತು ವರ್ಷದ ಹಿಂದೆ, ತನ್ನಷ್ಟೇ ಎತ್ತರವಿದ್ದ ರಾಜಮಾತೆಯ ಪಾದ ಇಲ್ಲೇ ಗಟ್ಟಿಯಾಗಿ ಊರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ವಯಸ್ಸು ಎಂಥವರನ್ನೂ ಕುಗ್ಗಿಸುತ್ತದೆ. ತನ್ನದೇ ಉಡುಪು ಉದ್ದವಾಯಿತೆಂದು ಅಂಚನ್ನು ಎರಡು ಸಲ ಮಡಿಚಿ ಹೊಲಿದುಕೊಂಡವಳಿಗೆ ಇದು ಮೊದಲೇ ಹೊಳೆಯಬಾರದಿತ್ತೇ? ಆ ಮುದುಕಿ ಮೂರು ಮೆರವಣಿಗೆಯುದ್ದಕ್ಕೂ ಕಾಲು ಜೋಲಾಡಿಸಿಕೊಂಡೇ ಜನರತ್ತ ಕೈಬೀಸಿ ನಕ್ಕಿದ್ದರಲ್ಲ ಎಂದು ನೆನೆದು ಅವಳಿಗೆ ಅಳು ಬಂತು.

ಲಾಯಕ್ಕೆ ಮರಳಿದಾಗ ಯಜಮಾನರು ಮೂಟೆಗಳು ಸರಿದಿವೆಯೇ ಎಂದು ನೋಡಲು ಬಟ್ಟೆ ಎತ್ತಿದರು. ದಿಂಬಮ್ಮನ ತಮ್ಮ ತನ್ನ ಚಾವಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಪ್ಪಿಸಲು ಸಿದ್ಧನಾಗಿ ನಿಂತ.

ದಿಂಬಮ್ಮ ಕಣ್ಣೊರೆಸಿಕೊಂಡಳು. "ಮೂಟೆಗೆ ಕಾಲಿಲ್ಲ ಸ್ವಾಮಿ. ರಾಜಮಾತೆಯವ್ರಿಗಿದೆ. ಪಾಪ, ನೆಲ ಎಟುಕ್ತಿಲ್ಲ."

ಯಜಮಾನರು ಅವಳ ಜೋಲುಬಿದ್ದ ಕಾಲುಗಳನ್ನು ಬಾಗಿ ನೋಡಿದರು.

"ಎಷ್ಟು ಎತ್ತರ ಬೇಕು?" ಎಂದು ಕೇಳಿದರು.

ಅವಳು ನಾಲ್ಕು ಬೆರಳು ಅಡ್ಡ ಹಿಡಿದು ತೋರಿಸಿದಳು. ಅದೇ ಬಣ್ಣದ ಬಟ್ಟೆಯಲ್ಲಿ ಕಾಲಡಿಗೊಂದು ಗಟ್ಟಿ ಮೆತ್ತೆ ಹೊಲಿದಳು. ಆ ಸಲದ ಮೆರವಣಿಗೆ ಮುಗಿದಾಗ ರಾಜಮಾತೆ ಸೊಂಟ ಹಿಡಿಯದೆ ಇಳಿದು, ನಾಲ್ಕೂ ಕುದುರೆಗಳ ಕತ್ತು ಸವರಿ ಒಳಗೆ ಹೋದರು. ಕಾರ್ಖಾನೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮುಂದಿನ ತಾಲೀಮಿನ ದಿನ ದಿಂಬಮ್ಮನ ತಮ್ಮ ಮೂಟೆ ಹೊತ್ತು ತಂದಾಗ ಯಜಮಾನರು ಬೇಡವೆಂದು ಕೈಯಾಡಿಸಿದರು. ಆಮೇಲೆ ಸಾರೋಟಿನ ಮಡಿಚುವ ಮೆಟ್ಟಿಲನ್ನು ತಾವೇ ಇಳಿಸಿ, ಬಾಗಿಲು ತೆರೆದು ಹಿಡಿದು, ದಿಂಬಮ್ಮ ಬರುವವರೆಗೂ ಕಾದು ನಿಂತರು.