ಬರೀ ಗ್ಯಾಸ್ಟ್ರಿಕ್

ಹೆಬ್ಬಾಳದ ದೊಡ್ಡ ಆಸ್ಪತ್ರೆಯಲ್ಲಿ ಪಟಾಲಮ್ಮ ನಿಜ ಹೇಳಿ ಕೆಟ್ಟಿದ್ದಳು. ಗಂಡ ಮುನಿಕೃಷ್ಣಪ್ಪನಿಗೆ ಎದೆ ಹಿಂಡುತ್ತಿದೆ, ಹಾರ್ಟೇ ಇರಬೇಕು ಎಂದು ಸರ್ಕಾರದ ಆರೋಗ್ಯ ಕಾರ್ಡು ಚಾಚಿದರೆ ಕೌಂಟರಿನವನು ಅದನ್ನು ಮುಟ್ಟಲೂ ಇಲ್ಲ. ಸರ್ಕಾರದ ರೇಟು ಗಿಟ್ಟದೆ ನಾವು ಯೋಜನೆಯಿಂದ ಹೊರಗೆ ಬಂದಿದ್ದೇವೆ, ಯಲಹಂಕದಲ್ಲೊಂದು ಆಸ್ಪತ್ರೆ ಇನ್ನೂ ಕಾರ್ಡು ತಗೊಳ್ಳುತ್ತದೆ, ಅಲ್ಲಿಗೆ ಹೋಗಿ ಎಂದ.

ಹಿಂದೆ ಕಾರ್ಡು ಹಂಚುವ ಸಭೆಯಲ್ಲಿ ಅವರ ಊರು ಹುಣಸಮಾರನಹಳ್ಳಿಯ ಮುಖಂಡ ಅನಂತರಾಜು ಮೈಕು ಹಿಡಿದು, ಇನ್ನು ಮೇಲೆ ಬಡವ ಬಲ್ಲಿದ ಎಲ್ಲರಿಗೂ ಒಂದೇ ಕಾರ್ಡು, ಖರ್ಚೆಲ್ಲ ಸರ್ಕಾರದ್ದು, ಯಾವ ಆಸ್ಪತ್ರೆಯೂ ಇಲ್ಲ ಅನ್ನುವ ಹಾಗಿಲ್ಲ ಎಂದಾಗ ಇದೇ ಪಟಾಲಮ್ಮ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದಳು. ಆಸ್ಪತ್ರೆಯವರನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ. ಮೈಕಿನಲ್ಲಿ ಹೇಳುವುದಕ್ಕೆ ಯಾರಪ್ಪನ ಗಂಟು ಹೋಗುತ್ತದೆ!

ಯಲಹಂಕಕ್ಕೆ ಹೊರಟ ಆಟೋದಲ್ಲಿ ಮುನಿಕೃಷ್ಣಪ್ಪನ ಅಂಗಿ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು. ಭಯದಲ್ಲೇ ಪಟಾಲಮ್ಮ ಒಂದು ಲೆಕ್ಕ ಹಾಕಿದಳು. ದೊಡ್ಡ ಕಾಯಿಲೆ ಎಂದರೆ ಖರ್ಚಿಗೆ ಹೆದರಿ ಬಾಗಿಲು ಹಾಕುತ್ತಾರೆ. ಚಿಕ್ಕದು ಎಂದರೆ ಒಳಗಾದರೂ ಬಿಟ್ಟುಕೊಳ್ಳುತ್ತಾರೆ, ಆಮೇಲೆ ಡಾಕ್ಟರಿಗೇ ತಿಳಿಯುತ್ತದೆ.

“ಯಾರ್ ಕೇಳುದ್ರೂ ಬರೀ ಗ್ಯಾಸ್ಟಿಕ್ಕು ಅನ್ನು. ಆರ್ಟು ಅಂತ ಬಾಯ್ ಬಿಡ್ಬೇಡ,” ಎಂದಳು. ಅವನು ತಲೆಯಾಡಿಸಿದ.

ಯಲಹಂಕದ ಆಸ್ಪತ್ರೆಯಲ್ಲಿ ಕಾರ್ಡಿನ ಕೆಲಸ ನೋಡುತ್ತಿದ್ದವಳು ತಸ್ನೀಮ್ ಎಂಬ ಹುಡುಗಿ. ಮುನಿಕೃಷ್ಣಪ್ಪನಿಗೆ ಕೂರಲು ಕುರ್ಚಿ ಕೊಟ್ಟಳು, ಪಟಾಲಮ್ಮ ಬರೀ ಗ್ಯಾಸ್ಟ್ರಿಕ್ ಎಂದದ್ದಕ್ಕೆ ಸಮಾಧಾನವಾಗಿಯೇ ಮಾತಾಡಿದಳು. ಗ್ಯಾಸ್ಟ್ರಿಕ್ ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಇಲ್ಲಿಗೆ ಕಳಿಸಿದ್ದೇವೆ ಎಂದು ಅಲ್ಲಿಯವರು ಬರೆದುಕೊಟ್ಟ ಚೀಟಿ ತರಬೇಕು. ಜೀವಕ್ಕೇ ಅಪಾಯ ಎನ್ನುವಂಥವರನ್ನು ಮಾತ್ರ ಚೀಟಿ ಇಲ್ಲದೆ ನೇರವಾಗಿ ಸೇರಿಸಿಕೊಳ್ಳುತ್ತಾರೆ ಎಂದಳು.

ಪಟಾಲಮ್ಮ ತಸ್ನೀಮಳ ಕೈ ಹಿಡಿದುಕೊಂಡಳು.

“ಸುಳ್ಳೇಳ್ಬಿಟ್ಟೆ ತಾಯಿ. ಆರ್ಟೇ ಇದು.”

ತಸ್ನೀಮಳ ಮುಖ ಬಿಗಿಯಿತು. ಚೀಟಿ ತಪ್ಪಿಸಿಕೊಳ್ಳಲು ಬರುವವರೆಲ್ಲ ಹೀಗೇ ಮಾತು ತಿರುಗಿಸುತ್ತಾರೆ, ಹೋದ ವಾರ ಮಂಡಿನೋವಿನವನೊಬ್ಬ ಎದೆ ಹಿಡಿದುಕೊಂಡು ಬಂದು ತನಗೆ ಮೇಲಿನವರಿಂದ ಬೈಸಿದ್ದಾನೆ ಎಂದಳು. ಆಮೇಲೆ ಮುನಿಕೃಷ್ಣಪ್ಪನ ಕಡೆ ಬಗ್ಗಿದಳು.

“ತಾತ, ನೀವೇ ಹೇಳಿ. ಏನಾಗ್ತಿದೆ?”

“ಬರೀ ಗ್ಯಾಸ್ಟಿಕ್ಕು ಕಣಮ್ಮ.”

“ನಿಜ ಏಳು. ನಿನ್ ಕಾಲಿಗ್ ಬೀಳ್ತೀನಿ, ನಿಜ ಏಳು,” ಎಂದು ಪಟಾಲಮ್ಮ ಅವನ ಭುಜ ಹಿಡಿದು ಅಲ್ಲಾಡಿಸಿದಳು.

ಅವನು ಕಷ್ಟಪಟ್ಟು ಅವಳತ್ತ ನೋಡಿದ. ಹೆದರಬೇಡ, ನೀನು ಹೇಳಿಕೊಟ್ಟದ್ದು ನೆನಪಿದೆ ಎನ್ನುವಂತೆ ಕಣ್ಣು ಮಿಟುಕಿಸಿದ. ಜಮೀನು ಮಾರಬೇಡ ಎಂದರೆ ಮಾರಿದವನು, ಬೀಡಿ ಬಿಡು ಎಂದರೆ ಎದುರಿಗೇ ಹಚ್ಚಿದವನು, ಮದುವೆಯಾದಾಗಿನಿಂದ ಹೆಂಡತಿಯ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದವನು, ಇವತ್ತು ಹಾಕಿಕೊಂಡಿದ್ದ.

“ಗ್ಯಾಸ್ಟಿಕ್ಕು,” ಎಂದವನೇ ಕುರ್ಚಿಯಿಂದ ಪಕ್ಕಕ್ಕೆ ಜಾರಿದ.

ಆಗ ತಸ್ನೀಮ್ ಚೀಟಿಯನ್ನೂ ಕೇಳಲಿಲ್ಲ, ಕಾರ್ಡನ್ನೂ ನೋಡಲಿಲ್ಲ. ಸ್ಟ್ರೆಚರ್ ತನ್ನಿ ಎಂದು ಕೂಗುತ್ತಾ ಒಳಗೆ ಓಡಿದಳು. ಪಟಾಲಮ್ಮ ನೆಲದ ಮೇಲೆ ಕುಸಿದು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವನ ತುಟಿ ಇನ್ನೂ ಅಲುಗುತ್ತಿತ್ತು.

“ಸಾಕು ಬಿಡು,” ಎಂದಳು ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದು. “ಇನ್ ಅದನ್ನ ಅನ್ಬೇಡ.”